ಗಿರಣಿಯಲ್ಲಿ ನಾನು ಕೂರಿಸಿದ ದೆವ್ವ

ಕೆಲವು ವಾರಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಬನಹಟ್ಟಿಯ ಮನೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ನಲವತ್ತೈದರ ಆಸುಪಾಸು. ಕೈಯಲ್ಲಿ ಇದೇ ಪತ್ರಿಕೆಯ ಮಡಿಸಿದ ಹಾಳೆ. ಒಳಗೆ ಬನ್ನಿ ಅಂದರೆ ಬರಲಿಲ್ಲ. ನಿಂತಲ್ಲಿಂದಲೇ ಕೇಳಿದರು:

“ದೆವ್ವದ ಕತಿ ಬರಿಯೂ ಮಾಸ್ತರ ನೀವಽ ಏನ್ರಿ?”

ಹೌದು ಅಂದೆ. (ಸ್ವಲ್ಪ ಹೆಮ್ಮೆಯಿಂದಲೇ ಅಂದೆ. ಡ್ರಾಯಿಂಗ್ ಮಾಸ್ತರನನ್ನು ಹುಡುಕಿಕೊಂಡು ಅಭಿಮಾನಿಗಳು ಬರುವುದು ದಿನಾ ನಡೆಯುವ ಸಂಗತಿಯಲ್ಲ.)

“ನಮ್ಮ ಗಿರಣ್ಯಾಗ ನೀವು ಒಂದು ದೆವ್ವ ಕೂಡ್ಸೀರಿ. ಅದನ್ನ ಎಬ್ಬಸ್ರಿ.”

ಮೂರು ವಾರದಿಂದ ನನ್ನ ಧಾರಾವಾಹಿ ಯಾಕೆ ಬಂದಿಲ್ಲ ಎಂದು ಕೇಳಿ ಪತ್ರ ಬರೆದವರೆಲ್ಲ ದಯವಿಟ್ಟು ಮುಂದೆ ಓದಿ. ಕಾರಣ ಈ ಭೀಮವ್ವ.

ಓದದವರಿಗಾಗಿ ಎರಡು ಮಾತು. ಈ ಪತ್ರಿಕೆಯ ಕೊನೆಯ ಪುಟದಲ್ಲಿ ನಾನು ‘ಐದನೇ ಪಹರೆ’ ಎಂಬ ಧಾರಾವಾಹಿ ಬರೆಯುತ್ತಿದ್ದೆ. ಅದರಲ್ಲಿ ಒಂದು ಟೀಮ್ ಇದೆ. ರಿಟೈರ್ಡ್ ಲೈನ್‌ಮನ್ ಸಂಗಪ್ಪ, ನರ್ಸ್ ಶಾಂತಕ್ಕ ಮತ್ತು ರಾಣಿ ಎಂಬ ಮುಧೋಳ ನಾಯಿ. ಎಲ್ಲಿ ದೆವ್ವದ ಕಾಟವೋ ಅಲ್ಲಿಗೆ ಇವರು ಬಸ್ಸು ಹತ್ತಿ ಹೋಗುತ್ತಾರೆ, ಓಡಿಸಿ ಬರುತ್ತಾರೆ. ಮುಂದಿನ ವಾರ ಇನ್ನೊಂದು ಊರು, ಇನ್ನೊಂದು ದೆವ್ವ. ಓದುಗರಿಗೂ ಖುಷಿ, ಸಂಪಾದಕರಿಗೂ ಖುಷಿ.

ಕಳೆದ ಚುನಾವಣೆಯಲ್ಲಿ ನನಗೆ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಡ್ಯೂಟಿ ಬಿದ್ದಿತ್ತು. ಹಿನ್ನೀರಿನಲ್ಲಿ ಊರು ಮುಳುಗಿದವರಿಗೆಂದು ಕಟ್ಟಿಕೊಟ್ಟ ಮನೆಗಳು. ಮತಗಟ್ಟೆಯ ಎದುರಿಗೆ ಒಂದು ಹಿಟ್ಟಿನ ಗಿರಣಿ. ಮತದಾರರು ಕಡಿಮೆ ಇದ್ದ ಹೊತ್ತಿನಲ್ಲಿ ನಾನು ಆ ಗಿರಣಿಯನ್ನೇ ನೋಡುತ್ತ ಕುಳಿತಿದ್ದೆ. ಡ್ರಾಯಿಂಗ್ ಮಾಸ್ತರನಲ್ಲವೇ, ನೋಡಿದ್ದು ಮರೆಯುವುದಿಲ್ಲ.

ಆಮೇಲೆ ಅದನ್ನೇ ಕತೆಯಲ್ಲಿಟ್ಟೆ. ಹಿನ್ನೀರಿನಿಂದ ಎದ್ದು ಬಂದ ಒಬ್ಬ ಹೆಂಗಸಿನ ದೆವ್ವ. ಒದ್ದೆ ಸೀರೆ, ಒದ್ದೆ ಹೆಜ್ಜೆ. ಗಿರಣಿಯ ಹಿಂದಿನ ಕೋಣೆಯಲ್ಲಿ ವಾಸ. ಕರೆಂಟ್ ಇಲ್ಲದಾಗ ಗಿರಣಿ ತಾನೇ ತಿರುಗುತ್ತದೆ. ಓಡಿಸುವ ಟೀಮನ್ನು ಇನ್ನೂ ಅಲ್ಲಿಗೆ ಕಳಿಸಿರಲಿಲ್ಲ. ಊರಿನ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿದ್ದೆ. ಮೂರನೇ ಸಾಲು, ನೀಲಿ ಶಟರ್, ಬಾಗಿಲ ಮುಂದಿನ ಬೇವಿನ ಗಿಡ ಎಲ್ಲ ಇದ್ದದ್ದು ಇದ್ದ ಹಾಗೇ ಬಂದಿತ್ತು. ಆ ಗಿರಣಿ ಯಾರದೋ ಒಬ್ಬರದು ಇರಬೇಕಲ್ಲ ಎಂಬ ಯೋಚನೆ ನನಗೆ ಬಂದಿರಲಿಲ್ಲ.

ಭೀಮವ್ವನದು. ಗಂಡ ತೀರಿಕೊಂಡಿದ್ದಾರೆ. ಗಿರಣಿಯೇ ಅನ್ನ.

“ಅಕ್ಕಾರ, ಅದು ಖರೇ ಅಲ್ರಿ. ನಾ ಕುಂತು ಕಟ್ಟಿದ ಕತಿ” ಅಂದೆ.

“ನನಗ ಗೊತ್ತಿಲ್ಲೇನ್ರಿ? ಕರೆಂಟ್ ಇಲ್ಲದ ಗಿರಣಿ ತಿರಗತಿತ್ತಂದ್ರ ನಾ ಯಾಕ ಹಗಲೆಲ್ಲಾ ಕರೆಂಟಿನ ಹಾದಿ ನೋಡ್ಕೋತ ಕುಂಡರ್ತಿದ್ದೆ? ಆದರ ಮಂದಿಗೆ ಯಾರ ಹೇಳಬೇಕು? ಹೆಣ್ಮಕ್ಕಳೆಲ್ಲಾ ಜ್ವಾಳ ತಲಿ ಮ್ಯಾಲ ಹೊತ್ಕೊಂಡು ಮುಂದಿನ ಊರಿಗೆ ಹೊಂಟಾರ. ಹಿಂಗಽ ನಡದರ ನಾ ಗಿರಣಿ ಮುಚ್ಚಿ ಕಬ್ಬ ಕಡ್ಯಾಕ ಹೋಗಬೇಕ್ರಿ.”

ಹಾಳೆಯನ್ನು ಮತ್ತೆ ಮಡಿಸುತ್ತ ಸೇರಿಸಿದರು: “ಒಂದ ಊರು ಬಿಟ್ಟ ಬಂದೇನ್ರಿ. ಇನ್ನೊಂದು ಬಿಡಾಂಗಿಲ್ಲ.”

ಒಳಗಿನಿಂದ ನನ್ನ ಹೆಂಡತಿ ಸುಮಿತ್ರಾ ಚಹಾ ತಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಲೋಟ ಭೀಮವ್ವನಿಗೆ ಕೊಟ್ಟಳು. ನನಗೆ ಕೊಡಲಿಲ್ಲ.

ಮಾರ್ಗ ಸುಲಭವಿತ್ತು. ದೆವ್ವ ಕೂರಿಸಿದ್ದು ನಾನು, ಓಡಿಸುವ ಟೀಮೂ ನನ್ನದೇ. ಅದೇ ವಾರ ಸಂಗಪ್ಪ, ಶಾಂತಕ್ಕ ಮತ್ತು ರಾಣಿಯನ್ನು ಆ ಊರಿಗೆ ಕಳಿಸಿದೆ. ಭರ್ಜರಿ ಸಂಚಿಕೆ. ರಾಣಿ ಬೊಗಳುತ್ತ ಒಳಗೆ ನುಗ್ಗಿತು. ದೆವ್ವ ಕಿರುಚುತ್ತ ಗೋಡೆ ಜಿಗಿದು ಓಡಿತು. ಬರೆದು ಮುಗಿಸಿ ನಿರಾಳವಾಗಿ ಮಲಗಿದೆ.

ಸಂಚಿಕೆ ಬಂದ ಎರಡನೇ ದಿನ ಭೀಮವ್ವನ ಫೋನ್.

“ಹೋತಂತ ಎಲ್ಲಾರೂ ಒಪ್ಪಿಗೊಂಡಾರ್ರಿ.”

“ಛಲೋ ಆತಲ್ರಿ?”

“ಏನ್ ಛಲೋ? ಅಂದರ ಇಷ್ಟ ದಿನ ಇತ್ತು ಅಂತಾತಲ್ರಿ! ಮತ್ತ ಗ್ವಾಡಿ ಜಿಗದು ಹೋತು ಅಂತ ಬರದೀರಿ. ಗ್ವಾಡಿ ಆಕಡೆ ಏನೈತಿ ಗೊತ್ತೈತೇನು? ಅಂಗನವಾಡಿ. ಇವತ್ತ ಒಂದ ಕೂಸೂ ಬಂದಿಲ್ಲ.”

ಗೋಡೆಯ ಆಚೆ ಏನಿದೆ ಎಂದು ನಾನು ಮತಗಟ್ಟೆಯಿಂದ ನೋಡಿರಲಿಲ್ಲ. ಅಲ್ಲಿಂದ ಕಾಣುತ್ತಿರಲಿಲ್ಲ.

ಈಗ ಸಂಪಾದಕರ ಕಾಲು ಹಿಡಿದೆ. ಅವರು ಒಳ್ಳೆಯವರು. ಮುಂದಿನ ಸಂಚಿಕೆಯಲ್ಲಿ ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ ‘ಈ ಧಾರಾವಾಹಿಯಲ್ಲಿ ಬರುವ ಊರು, ಗಿರಣಿ, ದೆವ್ವ ಎಲ್ಲವೂ ಕೇವಲ ಕಾಲ್ಪನಿಕ’ ಎಂದು ಪ್ರಕಟಿಸಿದರು. ಓದಿದ ಜನ ಏನಂದರು ಗೊತ್ತೇ? ಯಾರೋ ಮೇಲಿನವರು ಒತ್ತಡ ತಂದು ಸುದ್ದಿ ಮುಚ್ಚಿಹಾಕಿಸಿದ್ದಾರೆ ಎಂದರು! ಸುಳ್ಳನ್ನು ನಂಬಿಸಲು ನನಗೆ ಅರ್ಧ ಪುಟ ಸಾಕಾಗಿತ್ತು. ಸತ್ಯಕ್ಕೆ ದಪ್ಪ ಅಕ್ಷರವೂ ಸಾಲಲಿಲ್ಲ.

ಭೀಮವ್ವ ಮತ್ತೆ ಫೋನ್ ಮಾಡಿದಾಗ ಸುಮಿತ್ರಾ ಎತ್ತಿದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಫೋನಿಟ್ಟು ಬಂದು ಹೇಳಿದಳು: “ರವಿವಾರ ನಾವು ಜ್ವಾಳಾ ತಗೊಂಡು ಹೋಗೂದು. ಅಲ್ಲೇ ಬೀಸೂದು, ಅಲ್ಲೇ ರೊಟ್ಟಿ ಬಡಿಯೂದು. ಎಲ್ಲಾರ ಮುಂದ ನೀವು ಉಣ್ಣೂದು.”

“ನಾನೊಬ್ಬನಽ?”

“ದೆವ್ವಾ ಬರದವರು ನೀವೊಬ್ಬರಽ ಅಲ್ಲೇನ್ರಿ?”

ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಬೀಳಗಿಗೆ ಇನ್ನೊಂದು, ಮುಂದೆ ಟಂಟಂ ರಿಕ್ಷಾ. ಮಡಿಲಲ್ಲಿ ಜೋಳದ ಚೀಲ. ನಾವು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಗಿರಣಿಯ ಮುಂದೆ ಜನ ಸೇರಿದ್ದರು. ಹತ್ತಿರ ಯಾರೂ ಬರಲಿಲ್ಲ. ರಸ್ತೆಯ ಆಚೆ ನಿಂತು ನೋಡುತ್ತಿದ್ದರು.

“ಮೊದಲ ಹಿಂದಿನ ಖೋಲಿಗೆ ಹೋಗಿ ಬರ್ರಿ” ಎಂದು ಭೀಮವ್ವ ಕೀಲಿ ಕೊಟ್ಟರು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕೋಣೆಯಲ್ಲಿ ಏನೂ ಇಲ್ಲ ಎಂದು ಜಗತ್ತಿನಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೇ. ಆದರೂ ಬೀಗಕ್ಕೆ ಕೀಲಿ ಹಾಕುವ ಮೊದಲು ಬಾಗಿಲನ್ನು ಎರಡು ಸಲ ತಟ್ಟಿದೆ. ಹಿಂದೆ ನೋಡಿದೆ. ಸುಮಿತ್ರಾ ಗಲ್ಲ ಎತ್ತಿ ‘ನಡೀರಿ’ ಎಂದು ಸನ್ನೆ ಮಾಡಿದಳು. ಹೋದೆ.

ಒಳಗೆ ಹಳೆಯ ಬೆಲ್ಟುಗಳು, ಖಾಲಿ ಚೀಲಗಳು. ಗೋಡೆಗೆ ಒರಗಿಸಿದ್ದ ಒಂದು ದೊಡ್ಡ ಬಾಗಿಲು ಚೌಕಟ್ಟು. ಸಾಗವಾನಿ, ಮೇಲೆ ಹೂಬಳ್ಳಿ ಕೆತ್ತನೆ. ಮುಳುಗಿದ ಮನೆಯಿಂದ ಬಿಚ್ಚಿ ತಂದದ್ದಂತೆ. ಇಲ್ಲಿನ ಮನೆಗೆ ದೊಡ್ಡದಾಯಿತು, ಕೂರಲಿಲ್ಲ. ಮಾರಲು ಮನಸ್ಸಿಲ್ಲದೆ ಭೀಮವ್ವ ಹಾಗೇ ಇಟ್ಟುಕೊಂಡಿದ್ದರು. ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಹೊರಗಿನವರು ನಾನು ದೆವ್ವದ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡರಂತೆ.

ಪುಣ್ಯಕ್ಕೆ ಕರೆಂಟಿತ್ತು. ಗಿರಣಿ ಶುರುವಾಯಿತು. ನಮ್ಮ ಜೋಳ ಹಿಟ್ಟಾಯಿತು. ಬೇವಿನ ಗಿಡದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಸುಮಿತ್ರಾ ರೊಟ್ಟಿ ಬಡಿದಳು, ಭೀಮವ್ವ ಬದನೆಕಾಯಿ ಪಲ್ಯ ಕೊಟ್ಟರು. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ನೀವು ಯಾವತ್ತಾದರೂ ಹಾಗೆ ಉಂಡಿದ್ದೀರಾ? ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕೆಮ್ಮು ಬಂತು. ರಸ್ತೆಯಾಚೆಯ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

“ಏ, ನೀರ ಕುಡೀರಿ!” ಅಂದಳು ಸುಮಿತ್ರಾ. ಕುಡಿದೆ. ಎರಡನೇ ತುತ್ತು ಇಳಿಯಿತು. ಒಂದು ರೊಟ್ಟಿ ಮುಗಿಸಿದೆ. ಇನ್ನೊಂದು ಕೇಳಿದೆ.

ಆಗ ರಸ್ತೆ ದಾಟಿ ಮೊದಲು ಬಂದವರು ಅಂಗನವಾಡಿ ಟೀಚರ್. ನನ್ನ ಪಕ್ಕ ಕುಳಿತು, “ನನಗೂ ಒಂದು ಕೊಡ್ರಿ” ಅಂದರು. ಅವರ ಹಿಂದೆ ಎರಡು ಮಕ್ಕಳು. ಮಕ್ಕಳ ಹಿಂದೆ ತಾಯಂದಿರು. ಮೂರು ಗಂಟೆಯ ಹೊತ್ತಿಗೆ ಗಿರಣಿಯ ಮುಂದೆ ಡಬ್ಬಿಗಳ ಸಾಲಿತ್ತು. ಭೀಮವ್ವ ತಲೆಯಿಂದ ಕಾಲತನಕ ಹಿಟ್ಟಾಗಿದ್ದರು. ನನ್ನ ಕಡೆ ತಿರುಗಿ ನೋಡಲೂ ಅವರಿಗೆ ಪುರುಸೊತ್ತಿರಲಿಲ್ಲ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಕೈ ತೊಳೆದುಕೊಂಡು ಟಂಟಂ ಕಾಯುತ್ತ ನಿಂತಾಗ ಕಂಬಳಿ ಹೊದ್ದ ಒಬ್ಬ ಮುದುಕ ಹತ್ತಿರ ಬಂದರು. ಸಿದ್ದಪ್ಪ ಅಂತ ಹೆಸರು. ಕುರಿ ಕಾಯುತ್ತಿದ್ದವರು, ಈಗ ಆಗುವುದಿಲ್ಲ.

“ಮಾಸ್ತರ, ನೀವು ಬರದ ಆ ಹೆಣ್ಮಗಳು ಯಾರ ಮನಿಯಾಕಿ?”

“ಅಜ್ಜಾರ, ಅಂಥಾಕಿ ಯಾರೂ ಇಲ್ರಿ. ಸುಳ್ಳ ಬರದದ್ದು.”

“ಅದು ಗೊತ್ತೈತಿ ಬಿಡ್ರಿ” ಎಂದು ಅಜ್ಜ ಪಕ್ಕದ ಕಲ್ಲಿನ ಮೇಲೆ ಕುಳಿತರು. “ನನ್ನ ಹೆಂಡ್ತಿನ್ನ ಹಳೇ ಊರಾಗ ಮಣ್ಣ ಮಾಡೇವ್ರಿ. ನೀರ ಬರೂಕಿಂತ ಮೊದಲ ಹೋದಳು. ನಾವೆಲ್ಲಾ ಎದ್ದ ಬಂದಿವಿ, ಆಕಿ ಅಲ್ಲೇ ಉಳದಳು. ನೀವು ಬರದದ್ದು ಮೊಮ್ಮಗಳ ಕಡೆ ಓದಿಸಿ ಕೇಳಿದೆ. ನೀರಾಗಿಂದ ಎದ್ದು, ಹಾದಿ ಕೇಳ್ಕೋತ, ನಮ್ಮ ಹೊಸಾ ಊರಿಗೆ ಬಂದಾಳಂತ. ಆಕಿನಽ ಇರಬೇಕು ಅನಸ್ತು.”

ನಾನೂ ಅವರ ಪಕ್ಕ ಕುಳಿತೆ.

“ಮಂದಿ ಅಂಜಿದ್ರು. ನಾ ಅಂಜಲಿಲ್ಲ. ದಿನಾ ಸಂಜಿಮುಂದ ಬಂದು ಈ ಗಿರಣಿ ಕಟ್ಟಿ ಮ್ಯಾಲ ಕುಂಡರ್ತಿದ್ದೆ. ಮುಂದಿನ ವಾರ ನೀವು ನಾಯಿ ಬಿಟ್ಟು ಓಡಿಸಿಬಿಟ್ರಿ.”

“ಅಜ್ಜಾರ, ಆಕಿ ನಿಮ್ಮ ಹೆಂಡ್ತಿ ಅಲ್ರಿ” ಅಂದೆ. ಎಂಥ ಪೆದ್ದ ಮಾತು ಎಂದು ಆಡಿದ ಮೇಲೆ ಗೊತ್ತಾಯಿತು.

“ಇರಲಿಕ್ಕಿಲ್ಲ. ಯಾರಽ ಆಗಲಿ, ನಮ್ಮೂರಾಕಿ ಅಲ್ಲೇನ್ರಿ? ಅಷ್ಟು ದೂರದಿಂದ ತೊಯ್ಸಕೊಂಡು ಬಂದಾಕಿಗೆ ಒಂದು ಒಣಾ ಸೀರಿ ಕೊಟ್ಟು, ಕುಂಡರವಾ ಅನ್ನಬೇಕಿತ್ತು.”

ಟಂಟಂ ಬಂತು. ಅಜ್ಜ ಎದ್ದು ನಮಸ್ಕಾರ ಮಾಡಿದರು. ಬನಹಟ್ಟಿ ಬರುವತನಕ ಸುಮಿತ್ರಾ ಕಿಟಕಿಯಾಚೆಯೇ ನೋಡುತ್ತಿದ್ದಳು. ಸೆರಗಿನಿಂದ ಎರಡು ಸಲ ಕಣ್ಣೊರೆಸಿಕೊಂಡಿದ್ದನ್ನು ನೋಡಿಯೂ ನೋಡದವನಂತೆ ಕುಳಿತಿದ್ದೆ.

ಗಿರಣಿ ಈಗ ಚೆನ್ನಾಗಿ ನಡೆಯುತ್ತಿದೆ. ಅಂಗನವಾಡಿ ತುಂಬಿದೆ. ಸಂಪಾದಕರು ಪ್ರತಿ ಗುರುವಾರ ಫೋನ್ ಮಾಡಿ ಮುಂದಿನ ಕಂತು ಎಲ್ಲಿ ಎಂದು ಕೇಳುತ್ತಾರೆ. ಬರೆಯಲು ಕೂತರೆ ಒಂದೇ ಕಂತು ಹೊಳೆಯುತ್ತದೆ. ಆಕೆ ವಾಪಸ್ ಬರುತ್ತಾಳೆ, ಯಾರೋ ಬಾಗಿಲು ತೆಗೆದು ಒಳಗೆ ಕರೆಯುತ್ತಾರೆ, ಒಣ ಸೀರೆ ಕೊಡುತ್ತಾರೆ. ಆದರೆ ಅದಕ್ಕೆ ಒಂದು ಮನೆ ಬೇಕು. ಆ ಊರಿನವರನ್ನು ಕೇಳುವ ಮುಖ ನನಗಿಲ್ಲ.

ನಿಮ್ಮ ಮನೆಯ ಗುರುತು ಬರೆದುಕೊಳ್ಳಲೇ?