ಮೂರು ದಿನ ಕುಡಿಸಬೇಕು

ಸರೋವರದ ದಡದಲ್ಲಿ ನಮ್ಮ ಅತ್ತೆಗೆ ಡಾಂಬರಮ್ಮ ಎಂದೇ ಹೆಸರು. ಹತ್ತಿಯ ಹುರಿಯನ್ನು ಡಾಂಬರಿನಲ್ಲಿ ಅದ್ದಿ ದೋಣಿಯ ಹಲಗೆಗಳ ಸಂದಿಗೆ ತುಂಬುವುದು ಅವಳ ಕಸುಬು. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗದು. ಅವಳನ್ನು ಮದುವೆಯಾಗಬೇಕಿದ್ದವನು ಆ ಉಗುರು ನೋಡಿಯೇ ಹಿಂದೆ ಸರಿದನಂತೆ. "ಹೋದ್ರೆ ಹೋಗ್ಲಿ ಬಿಡೇ, ದೋಣಿಗಳಂತೂ ಮೂಗು ಮುರೀಲಿಲ್ಲ" ಎಂದು ನಗುತ್ತಾಳೆ.

ಅವಳು ಚಿಕ್ಕವಳಿದ್ದಾಗ ಆ ನೀರಿನ ಮೇಲೆ ಸೋಮಾರಿಗಳಿಗೆ ಜಾಗವೇ ಇರಲಿಲ್ಲ. ಇಟ್ಟಿಗೆ, ಸೌದೆ, ಕರುಗಳು, ಶಾಲೆಯ ಬೆಂಚು, ಅಂಚೆ ಕಚೇರಿಯ ಬೀರು ಎಲ್ಲವೂ ದೋಣಿಯಲ್ಲೇ ದಾಟುತ್ತಿದ್ದವು. ಸೇತುವೆಯಾಯಿತು, ಲಾರಿಗಳು ಬಂದವು, ದೋಣಿಗಳು ಒಂದೊಂದಾಗಿ ಒಲೆ ಸೇರಿದವು. ಆಮೇಲೆ ಬೋಟ್ ಕ್ಲಬ್ಬು ಶುರುವಾಗಿ ಬಾತುಕೋಳಿ ಆಕಾರದ ಪೆಡಲ್ ದೋಣಿಗಳು ತೇಲಾಡತೊಡಗಿದವು. ಅವೆಲ್ಲ ಫೈಬರಿನವು. ಅವಕ್ಕೆ ಸಂದೂ ಇಲ್ಲ, ಅತ್ತೆಯ ಹಂಗೂ ಇಲ್ಲ. ಅಲ್ಲಿ ನಾನು ಟಿಕೆಟ್ ಹರಿದು ಕೊಡುತ್ತೇನೆ. ಅತ್ತೆ ಬಾತುಕೋಳಿಗಳ ಹೊಟ್ಟೆ ತೊಳೆಯುತ್ತಿದ್ದಳು. ಆ ಕೈಯಲ್ಲಿ ಬ್ರಷ್ ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಶೆಡ್ಡಿನಲ್ಲಿ ಒಂದೇ ಒಂದು ಸರಕಿನ ದೋಣಿ ಉಳಿದಿತ್ತು. ನಮ್ಮ ತಾತ, ಅಂದರೆ ಅತ್ತೆಯ ಅಪ್ಪ, ಕಟ್ಟಿದ್ದು, ಹನ್ನೊಂದು ವರ್ಷದಿಂದ ಬೋರಲಾಗಿ ಬಿದ್ದಿತ್ತು. ಹೊಸ ಮ್ಯಾನೇಜರು ಅದನ್ನು ಎರಡು ಹೋಳು ಮಾಡಿಸಿ ಗೇಟಿನ ಬಳಿ ಹೂವಿನ ಗಿಡ ನೆಡಿಸಲು ಹೊರಟರು. ಅತ್ತೆ ಬ್ರಷ್ ಬಿಸಾಕಿ ಓಡಿದಳು.

"ಸಾರ್, ಅದಿನ್ನೂ ಓಡತ್ತೆ."

"ಸಂದೀಲಿ ಬೆಳಕು ಕಾಣ್ತಿದೆಯಲ್ಲಮ್ಮ!"

"ಹುರಿ ತುಂಬ್ತೀನಿ ಸಾರ್. ಆಮೇಲೆ ಮೂರು ದಿನ ಚೆನ್ನಾಗಿ ಕುಡಿಸ್ಬೇಕು, ಅಷ್ಟೆ."

ಮ್ಯಾನೇಜರ ಮುಖ ಕೆಂಪಾಯಿತು. "ಇಲ್ಲಿ ಯಾರಿಗೂ ಕುಡಿಸೋ ಹಾಗಿಲ್ಲ! ಬೋರ್ಡ್ ಹಾಕಿರೋದು ಕಾಣಲ್ವಾ?"

ಪೆಡಲ್ ದೋಣಿಗಳ ಮೆಕ್ಯಾನಿಕ್ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟ. ನಾನೇ ಬಿಡಿಸಿ ಹೇಳಬೇಕಾಯಿತು. ಒಣಗಿದ ಮರದ ದೋಣಿಗೆ ಕಲ್ಲು ಹೇರಿ ನೀರಿನಲ್ಲಿ ಮುಳುಗಿಸಿಡಬೇಕು. ಹಲಗೆ ನೀರು ಕುಡಿದು ಉಬ್ಬಿ ಸಂದು ತಾನೇ ಕೂಡಿಕೊಳ್ಳುತ್ತದೆ. ಮ್ಯಾನೇಜರು ಕನ್ನಡಕ ಒರೆಸಿಕೊಂಡರು. "ಸರಿ, ಹುರಿ ತುಂಬಿ. ಕುಡಿಸೋಕೆ ಮೂರೇ ದಿನ. ಆಮೇಲೂ ಸೋರಿದ್ರೆ ಗರಗಸ ತರಿಸ್ತೀನಿ."

ಅತ್ತೆ ವಾರವಿಡೀ ಹುರಿ ತುಂಬಿದಳು. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಿದ್ದಳೇ ಹೊರತು ಬರುತ್ತಿರಲಿಲ್ಲ. ಆಮೇಲೆ ದೋಣಿಯನ್ನು ಮುಳುಗಿಸಿದೆವು. ಮೂರು ದಿನ ಕಳೆದ ಮೇಲೆ ಕಲ್ಲುಗಳನ್ನು ಎತ್ತಿ, ಬಕೆಟ್ಟುಗಳಲ್ಲಿ ನೀರು ಹೊರಚೆಲ್ಲಿದೆವು. ಹಲಗೆಗಳು ಅಂಟಿಕೊಂಡು ಕುಳಿತಿದ್ದವು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ನಡುವಿನ ತಗಡಿನ ತೇಪೆಯ ಕೆಳಗಿಂದ ನೀರು ಜಿನುಗುವುದು ಕಂಡಿತು.

ಅತ್ತೆಗೆ ಆ ತೇಪೆಯ ಕಥೆ ಗೊತ್ತಿತ್ತು. ಹದಿನಾರನೇ ವಯಸ್ಸಿನಲ್ಲಿ ಅವಳು ತುಂಬಿದ ಮೊದಲ ಸಂದು ಅದು. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಗೆ ಹುರಿಯನ್ನು ಬಿಗಿಯಾಗಿ ಜಡಿದಿದ್ದಳು. ನೀರು ಕುಡಿದ ಹಲಗೆಗೆ ಉಬ್ಬಲು ಜಾಗ ಸಾಲದೆ ಸೀಳಿಹೋಗಿತ್ತು. ತಾತ ಬೈಯಲಿಲ್ಲ. "ಮರಕ್ಕೂ ಉಸಿರಾಡೋಕೆ ಜಾಗ ಬೇಡ್ವೇನಮ್ಮ?" ಎಂದಷ್ಟೇ ಹೇಳಿ ತಗಡು ಹೊಡೆದಿದ್ದ.

ಮ್ಯಾನೇಜರು ದೂರದಲ್ಲಿ ಬರುತ್ತಿದ್ದರು. ಮೆಕ್ಯಾನಿಕ್ ಪಿಸುಗುಟ್ಟಿದ: "ಒಂದು ತುಂಡು ಹುರಿ ಬಿಗಿಯಾಗಿ ಜಡಿದುಬಿಡಿ ಅಮ್ಮ. ಈಗ ನಿಲ್ಲತ್ತೆ. ಯಾರಿಗೆ ಗೊತ್ತಾಗತ್ತೆ?"

ಅತ್ತೆ ಸುತ್ತಿಗೆ ಎತ್ತಿಕೊಂಡಳು. ಸುಳ್ಳೇಕೆ, ಜಡಿದುಬಿಡಲಿ ಎಂದೇ ನನಗೂ ಅನ್ನಿಸಿತು. ಅವಳು ಆ ತೇಪೆಯನ್ನೇ ನೋಡಿ ಸುತ್ತಿಗೆ ಕೆಳಗಿಟ್ಟಳು.

"ಸೋರ್ತಿದೆ ಸಾರ್," ಎಂದಳು ಮ್ಯಾನೇಜರು ಹತ್ತಿರ ಬಂದಾಗ. "ಮರದ ತಪ್ಪಲ್ಲ, ನಂದು. ನಲವತ್ತನಾಲ್ಕು ವರ್ಷದ ಹಿಂದಿಂದು. ಈಗ ಬಿಗಿಯಾಗಿ ಜಡಿದ್ರೆ ನಿಮ್ಮ ಕಣ್ಣಿಗೆ ನಿಲ್ಲತ್ತೆ, ನಾಳೆ ಮತ್ತೆ ಸೀಳತ್ತೆ."

ಮ್ಯಾನೇಜರು ಪ್ಯಾಂಟು ಮಡಚಿ ದೋಣಿಗಿಳಿದರು. ತಗಡನ್ನು ನೋಡಿದರು, ಅವಳ ಕೈಗಳನ್ನೂ ನೋಡಿದರು. ಆಮೇಲೆ ನಮ್ಮೆಲ್ಲರ ಎದುರಿಗೆ ಹೇಳಿದರು: "ಹಾಗಾದ್ರೆ ಇನ್ನೂ ಒಂದು ದಿನ ಕುಡಿಸಿ ಅಮ್ಮ."

ಈ ಸಲ ಯಾರೂ ನಗಲಿಲ್ಲ.

ದೋಣಿಯನ್ನು ಮತ್ತೆ ಮುಳುಗಿಸಿ, ಮರುದಿನ ಮೇಲೆತ್ತಿ ಒಂಬತ್ತು ಜನ ಹತ್ತಿದೆವು. ಮ್ಯಾನೇಜರು ಮುಂದೆ ಕುಳಿತರು, ಮೆಕ್ಯಾನಿಕ್ ಹುಟ್ಟು ಹಾಕಿದ. ಅತ್ತೆ ನಡುವೆ ಕುಳಿತು ತಗಡಿನ ಮೇಲೆ ಅಂಗೈ ಒತ್ತಿದವಳು ಆಚೆ ದಡ ಬರುವವರೆಗೂ ತೆಗೆಯಲಿಲ್ಲ.

"ಒದ್ದೆ ಇದೆಯಾ ಅತ್ತೆ?" ಎಂದು ಕೇಳಿದೆ.

"ಗೊತ್ತಾಗ್ತಿಲ್ಲ ಕಣೇ," ಎಂದಳು. "ಕೈಯೇ ಬೆವರಿಬಿಟ್ಟಿದೆ."