ಒಂದು ಸರದಿಗೆ ಒಂದೇ ಜಾಗೆ

ಮದುವೆಯಾದ ಮೇಲೆ, ಗಂಡ ದುಬಾಯಿಯ ಕೆಲಸಕ್ಕೆ ಹೊರಡುವ ಮೊದಲು, ನಾವಿಬ್ಬರು ಒಟ್ಟಿಗೆ ಇದ್ದದ್ದು ನಲವತ್ತೆರಡು ದಿನ. ಅದರಲ್ಲಿ ಅರ್ಧದಷ್ಟು ದಿನಗಳನ್ನು ನೆಂಟರ ಮನೆಯ ಊಟಗಳೇ ತಿಂದವು. ಉಳಿದ ಮಧ್ಯಾಹ್ನಗಳಲ್ಲಿ ಗಂಡ ನನಗೆ ಕಾರ್ಡಿನ ಆಟವೊಂದನ್ನು ಕಲಿಸಿದರು. ಮೂಡುಬಿದಿರೆಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಕಲಿತದ್ದಂತೆ. ಕಾರ್ಡುಗಳ ಮೇಲೆಲ್ಲ ರಾಕ್ಷಸರು, ಮಂತ್ರವಾದಿಗಳು, ರೆಕ್ಕೆಯಿರುವ ಹಾವುಗಳು, ಕೋಟೆ ಕಾಯುವ ಕಲ್ಲಿನ ಭಟರು. ಪಾಣೆಮಂಗಳೂರಿನ ನಮ್ಮ ಮನೆಯ ಚಾವಡಿಯಲ್ಲಿ ಅವನ್ನು ಹರಡಿದ ಮೊದಲ ದಿನವೇ ಅತ್ತೆ ಬಂದು ನೋಡಿ, ಹೊಸ ಸೊಸೆಗೆ ಇಸ್ಪೀಟು ಕಲಿಸುವುದಾ ಎಂದು ಮಗನನ್ನು ಗದರಿದರು.

ನನ್ನ ಕಣ್ಣು ಹೋದದ್ದು ರೆಕ್ಕೆಯ ಹಾವಿನ ಮೇಲೆ. ಅದನ್ನೇ ಮೊದಲು ಇಳಿಸಲು ಹೋದೆ. ಅವರು ತಡೆದು, ಕಾಡು, ಗುಡ್ಡ, ಹೊಳೆಗಳ ಚಿತ್ರವಿದ್ದ ಸಪ್ಪೆ ಕಾರ್ಡುಗಳನ್ನು ತೋರಿಸಿದರು.

“ಇದು ಜಾಗೆ. ಜಾಗೆ ಇಲ್ಲದೆ ಯಾರನ್ನೂ ಕರೆಯಲಿಕ್ಕೆ ಆಗುವುದಿಲ್ಲ. ಒಂದು ಸರದಿಗೆ ಒಂದೇ ಜಾಗೆ ಇಡಬಹುದು.”

ಒಂದು ಜಾಗೆ ಒಂದು ಪಾಲು ಶಕ್ತಿ ಕೊಡುತ್ತದೆ. ಬಳಸಿದ ಮೇಲೆ ಆ ಕಾರ್ಡನ್ನು ಅಡ್ಡಕ್ಕೆ ತಿರುಗಿಸಿಡಬೇಕು. ಮುಂದಿನ ಸರದಿಗೆ ಮತ್ತೆ ನೆಟ್ಟಗೆ ಮಾಡಿದರೆ ಶಕ್ತಿ ಮರಳುತ್ತದೆ. ಸಣ್ಣ ಭಟನಿಗೆ ಒಂದು ಪಾಲು ಸಾಕು, ರೆಕ್ಕೆಯ ಹಾವಿಗೆ ಆರು ಬೇಕು. ಅಂದರೆ ಎಷ್ಟೇ ಅವಸರ ಮಾಡಿದರೂ ಆರು ಸರದಿ ಕಾಯಲೇಬೇಕು. ಅರವತ್ತು ಕಾರ್ಡುಗಳ ಕಟ್ಟಿನಲ್ಲಿ ಇಪ್ಪತ್ತನಾಲ್ಕು ಜಾಗೆ ಇದ್ದರೆ ಸರಿ ಎಂದರು. ಕಡಿಮೆಯಾದರೆ ಕೈತುಂಬ ವೀರರಿದ್ದೂ ಸುಮ್ಮನೆ ಕೂರಬೇಕಾಗುತ್ತದೆ. ಹೆಚ್ಚಾದರೆ ಶಕ್ತಿಯಿದ್ದೂ ಕರೆಯಲು ಯಾರೂ ಇರುವುದಿಲ್ಲ. ಕರೆದ ವೀರರಿಂದ ದಾಳಿ ಮಾಡಿಸಿ ಎದುರಾಳಿಯ ಕೋಟೆ ಬೀಳಿಸಿದವರು ಗೆದ್ದಂತೆ.

ಅವರು ದುಬಾಯಿಗೆ ಹೊರಟಾಗ ಒಂದು ಕಟ್ಟು ನನಗೆ ಬಿಟ್ಟು ಇನ್ನೊಂದನ್ನು ಒಯ್ದರು. ಮೊದಲ ತಿಂಗಳಿನ ಫೋನುಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಊಟ ಆಯಿತಾ, ಆಯಿತು, ಅಲ್ಲಿ ಸೆಕೆ ಉಂಟಾ, ಉಂಟು. ಆಮೇಲೆ ಇಬ್ಬರ ಕಡೆಯೂ ಫ್ಯಾನಿನ ಸದ್ದು. ನಲವತ್ತೆರಡು ದಿನಗಳಲ್ಲಿ ನಾವು ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದೆವು, ಮಾತಾಡಲು ಕಲಿತಿರಲಿಲ್ಲ. ಒಂದು ಶುಕ್ರವಾರ ಅವರೇ ಕೇಳಿದರು: “ಆಡುವನಾ?”

ಶುಕ್ರವಾರ ಅವರಿಗೆ ರಜೆ. ಅಂದಿನಿಂದ ಅದೇ ನಮ್ಮ ಆಟದ ದಿನ. ನನಗೆ ಮೆಲ್ಕಾರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಐದೂವರೆಗೆ ಮನೆ ಸೇರಿ, ಕೈಕಾಲು ತೊಳೆದು, ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಕೂರುತ್ತಿದ್ದೆ. ಅಲ್ಲಿ ಆಗ ನಾಲ್ಕು ಗಂಟೆ. ಅವರು ಮಂಚದ ಮೇಲೆ ಕಾರ್ಡು ಹರಡುತ್ತಿದ್ದರು. ಪರದೆಯಲ್ಲಿ ಮುಖಕ್ಕಿಂತ ಹೆಚ್ಚು ಕಾಣುತ್ತಿದ್ದದ್ದು ಅವರ ಕೈ. ಜಾಗೆಯ ಕಾರ್ಡನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಡ್ಡಕ್ಕೆ ತಿರುಗಿಸುವ ಆ ಕೈಯನ್ನು ನೋಡುತ್ತ ನಾನು ಎಷ್ಟೋ ಸಲ ನನ್ನ ಸರದಿಯನ್ನೇ ಮರೆತಿದ್ದೇನೆ.

ಒಮ್ಮೆ ಆಟದ ನಡುವೆ ನೆಟ್‌ವರ್ಕ್ ಹೋಯಿತು. ಹರಡಿದ ಕಾರ್ಡುಗಳನ್ನು ಎತ್ತಿಡಲು ಮನಸ್ಸಾಗಲಿಲ್ಲ. ಅತ್ತೆ ಏನೂ ಕೇಳದೆ, ಗುಡಿಸುವಾಗ ಹಾರಿಹೋಗದಿರಲೆಂದು ಬೆತ್ತದ ಬುಟ್ಟಿಯೊಂದನ್ನು ಅವುಗಳ ಮೇಲೆ ಕವುಚಿ ಹಾಕಿದರು. ಮರುಶುಕ್ರವಾರದವರೆಗೂ ಅದು ಹಾಗೇ ಇತ್ತು.

ಗೆಲ್ಲುತ್ತಿದ್ದದ್ದು ಯಾವಾಗಲೂ ನಾನೇ. ಆದರೆ ಸುಲಭಕ್ಕೆ ಅಲ್ಲ. ನನ್ನ ದಾಳಿಗಳನ್ನು ತಡೆಯುವುದರಲ್ಲೇ ಅವರ ಸರದಿಗಳೆಲ್ಲ ಮುಗಿಯುತ್ತಿದ್ದವು, ಒಂದೊಂದು ಆಟ ಒಂದೂವರೆ ಗಂಟೆ ಎಳೆಯುತ್ತಿತ್ತು. ಲೈಬ್ರರಿಯಲ್ಲಿ ಜೊತೆಗೆ ಕೆಲಸ ಮಾಡುವವಳ ಹತ್ತಿರ ನನ್ನ ಬುದ್ಧಿವಂತಿಕೆಯ ಬಗ್ಗೆ ಸಾಕಷ್ಟು ಕೊಚ್ಚಿಕೊಂಡಿದ್ದೆ.

ಎರಡು ವರ್ಷಕ್ಕೆ ಅವರು ರಜೆಯಲ್ಲಿ ಬಂದರು. ಮೂರನೆಯ ದಿನ ಅವರು ಕೂದಲು ಕತ್ತರಿಸಿಕೊಳ್ಳಲು ಬಂಟ್ವಾಳ ಪೇಟೆಗೆ ಹೋಗಿದ್ದಾಗ ನಾನು ಅವರ ಪೆಟ್ಟಿಗೆ ಖಾಲಿ ಮಾಡುತ್ತಿದ್ದೆ. ಕಾರ್ಡುಗಳ ಕಟ್ಟು ಸಿಕ್ಕಿತು. ಸುಮ್ಮನೆ ಬೇರ್ಪಡಿಸುತ್ತ ಹೋದರೆ ಜಾಗೆಯ ಕಾರ್ಡುಗಳೇ ಮುಗಿಯುತ್ತಿಲ್ಲ. ಎಣಿಸಿದೆ, ಮೂವತ್ತೇಳು. ಉಳಿದವೆಲ್ಲ ತಡೆಯುವ ಗೋಡೆಗಳು, ಕಲ್ಲಿನ ಭಟರು. ದಾಳಿ ಮಾಡುವವರು ಒಬ್ಬರೂ ಇಲ್ಲ. ಗೆಲ್ಲಲು ಸಾಧ್ಯವೇ ಇಲ್ಲದ ಕಟ್ಟು.

ಎರಡು ವರ್ಷ ನನ್ನನ್ನು ಚಿಕ್ಕ ಮಗುವಿನ ಹಾಗೆ ಆಡಿಸಿದ್ದರಲ್ಲ. ಅವರು ಬಂದು ಚಪ್ಪಲಿ ಬಿಡುವುದರೊಳಗೆ ಕೇಳಿದೆ, ನನ್ನನ್ನು ಗೆಲ್ಲಿಸಲಿಕ್ಕೆ ಹೀಗೆ ಮಾಡಿದ್ದಾ ಎಂದು.

ಅವರು ಹರಡಿದ ಕಾರ್ಡುಗಳನ್ನು ನೋಡಿದರು. ಹೊಸದಾಗಿ ಕೂದಲು ಕತ್ತರಿಸಿದ ಕುತ್ತಿಗೆಯ ಹಿಂಭಾಗ ಕೆಂಪಾಯಿತು.

“ಗೆಲ್ಲಿಸಲಿಕ್ಕೆ ಅಲ್ಲ ಮಾರಾಯ್ತಿ. ಬೇಗ ಮುಗಿಯದ ಹಾಗೆ. ಆಟ ಮುಗಿದ ಕೂಡಲೇ ನೀನು ಅಡುಗೆ ಉಂಟು ಅಂತ ಫೋನು ಇಡ್ತೀಯಲ್ಲ.”

ನಿಜ, ಇಡುತ್ತಿದ್ದೆ. ಆಟ ಮುಗಿದ ಮೇಲಿನ ಮೌನಕ್ಕೆ ಹೆದರಿ ಇಡುತ್ತಿದ್ದೆ. ಅಡುಗೆಯನ್ನು ಅತ್ತೆ ಆಗಲೇ ಮುಗಿಸಿರುತ್ತಿದ್ದರು. ಅದನ್ನು ಅವತ್ತೇ ಹೇಳಿದೆ. ಅವರು ನಗಲಿಲ್ಲ, ಪಕ್ಕದಲ್ಲಿ ಕೂತುಕೊಂಡರು.

ಮರುದಿನ ಮುಂಡಾಜೆಯ ನನ್ನ ತವರಿಗೆ ಹೋದೆವು. ಬಸ್ಸಿನಲ್ಲಿ ಬೆಳ್ತಂಗಡಿ ದಾಟುವವರೆಗೂ ಅವರೇ ಮಾತಾಡಿದರು: ರೂಮಿನಲ್ಲಿ ಜೊತೆಗಿರುವವರ ಬಗ್ಗೆ, ಮೊದಲ ವಾರ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತದ್ದರ ಬಗ್ಗೆ. ಆಮೇಲೆ ನಾನು ಮಾತಾಡಿದೆ. ಇಳಿಯುವ ಸ್ಟಾಪು ತಪ್ಪಿಸಿಕೊಂಡು ಅರ್ಧ ಮೈಲಿ ಹಿಂದಕ್ಕೆ ನಡೆದೆವು.

ರಜೆ ಮುಗಿದು ಅವರು ಹೋಗಿ ಈಗ ಎಂಟು ತಿಂಗಳು. ಶುಕ್ರವಾರ ಕಾರ್ಡು ತೆಗೆಯುವುದು ಅಪರೂಪವಾಗಿದೆ, ಮಾತೇ ಮುಗಿಯುವುದಿಲ್ಲ. ಮಾತು ಹೆಚ್ಚಿದಷ್ಟೂ ಅವರಿಲ್ಲದ ಮನೆ ದೊಡ್ಡದಾಗುತ್ತ ಹೋಗುತ್ತದೆ ಎನ್ನುವುದು ಮಾತ್ರ ನನಗೆ ಮೊದಲು ಗೊತ್ತಿರಲಿಲ್ಲ. ಕಳೆದ ವಾರ, ಪೂರ್ತಿಯಾಗಿ ಊರಿಗೇ ಬಂದುಬಿಡಿ ಎಂದೆ. ಇನ್ನೊಂದು ವರ್ಷ ನೋಡುವ ಎಂದರು. ಆಗಲಿ ಎಂದೆ. ಹಾಗೆ ಹೇಳಲು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ. ಅದನ್ನೂ ಅವರಿಗೆ ಹೇಳಿದೆ.