ಅಜ್ಜಿಯ ಊಂಜಲಿನ ಮೇಲೆ ಕಟ್ಟಿದ ರೆಕ್ಕೆ

1964ರ ಜೂನ್ 7, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನನ್ನ ನೋಟುಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: "ಅಜ್ಜಿಯ ಊಂಜಲು ಬಿಚ್ಚಿದರು. ಕೊಂಡಿ ನಾಲ್ಕು. ಅಜ್ಜಿ ಚಾಪೆ ಹಾಸಿಕೊಂಡಳು."

ಆಗೆಲ್ಲ ತ್ರಿಪ್ಲಿಕೇನಿನ ನಮ್ಮಂಥ ಮನೆಗಳಲ್ಲಿ ಕುರ್ಚಿ ಇರಲಿ ಬಿಡಲಿ, ನಡುಮನೆಯಲ್ಲಿ ಒಂದು ಉಯ್ಯಾಲೆ ಮಾತ್ರ ಇದ್ದೇ ಇರುತ್ತಿತ್ತು. ತಮಿಳರ ನಡುವೆ ಮೂರು ತಲೆಮಾರು ಕಳೆದಿದ್ದ ನಾವೂ ಅದನ್ನು ಊಂಜಲು ಎಂದೇ ಕರೆಯುತ್ತಿದ್ದೆವು. ನಮ್ಮದು ಆರಡಿ ಉದ್ದದ ತೇಗದ ಹಲಗೆ. ಊಟವಾದ ಮೇಲೆ ಅಜ್ಜಿ ಅದರ ಮೇಲೆ ಕೂತು, ಒಂದು ಕಾಲನ್ನು ನೆಲಕ್ಕೆ ತಾಗಿಸಿ ತೂಗಿಕೊಳ್ಳುತ್ತಿದ್ದಳು. ಆ ಸರಪಳಿಯ ಕಿರುಗುಟ್ಟುವ ಸದ್ದು ನಿಂತರೆ ಅಜ್ಜಿಗೆ ನಿದ್ದೆ ಬಂತೆಂದು ನಮಗೆ ತಿಳಿಯುತ್ತಿತ್ತು.

ಅದನ್ನು ಬಿಚ್ಚಿದವನು ವಾಸು ಚಿಕ್ಕಪ್ಪ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ, ಇಪ್ಪತ್ತನಾಲ್ಕು ವಯಸ್ಸು. ಅಂಗಡಿಗೆ ಬರುತ್ತಿದ್ದ ಹಡಗಿನ ಅಧಿಕಾರಿಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಅವನಿಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋಗಿದ್ದರು. ಅದರಲ್ಲಿ ಬಿಸ್ಕತ್ತಿನಷ್ಟು ಹಗುರವಾದ ಮರದ ಪಟ್ಟಿಗಳು, ತೆಳು ಕಾಗದ, ಮೂಲೆ ಹರಿದ ಒಂದು ನಕ್ಷೆ, ಒಂದೇ ಗುಂಡಿಯ ತಗಡಿನ ರೇಡಿಯೋ ಪೆಟ್ಟಿಗೆ. ಎಲ್ಲ ಸೇರಿಸಿದರೆ ಆರಡಿ ರೆಕ್ಕೆಯ ಗ್ಲೈಡರ್. ಎಂಜಿನ್ ಇಲ್ಲದೆ ಗಾಳಿಯಲ್ಲೇ ತೇಲುವ, ನೆಲದಲ್ಲಿ ನಿಂತು ಆ ಗುಂಡಿ ಒತ್ತಿ ತಿರುಗಿಸಬಹುದಾದ ಮಾದರಿ ವಿಮಾನ.

"ಎಂಜಿನ್ನೇ ಇಲ್ಲ ಅಂದ್ಮೇಲೆ ಅದೆಂಥಾ ವಿಮಾನವೋ?" ಎಂದು ಅಜ್ಜಿ ಕೇಳಿದಳು.

"ಹದ್ದಿಗೆ ಎಂಜಿನ್ ಇದೆಯೇನಮ್ಮಾ?"

"ಹದ್ದು ನನ್ನ ಊಂಜಲು ಕೇಳಲಿಲ್ಲವಲ್ಲೋ."

ರೆಕ್ಕೆ ಕಟ್ಟಲು ಸೊಟ್ಟವಿಲ್ಲದ ಹಲಗೆ ಬೇಕಿತ್ತು. ಮನೆಯಲ್ಲಿ ಅಷ್ಟು ಸಮನಾದದ್ದು ಇನ್ನೊಂದಿರಲಿಲ್ಲ. ಹಲಗೆಯ ಮೇಲೆ ನಕ್ಷೆ ಹಾಸಿ, ಅದರ ಗೆರೆಯ ಮೇಲೆ ಪಟ್ಟಿಗಳನ್ನಿಟ್ಟು, ಅಂಟು ಒಣಗುವವರೆಗೆ ಕದಲದಂತೆ ಗುಂಡುಸೂಜಿ ಚುಚ್ಚಬೇಕು. ತೇಗಕ್ಕೆ ಸೂಜಿ ಸುಲಭಕ್ಕೆ ಇಳಿಯದು. ಚಿಕ್ಕಪ್ಪ ಪುಟ್ಟ ಸುತ್ತಿಗೆಯಿಂದ ತಟ್ಟಿ ಇಳಿಸಿದ. ಸೂಜಿ ಎಣಿಸಿ ಕೊಡುವುದು, ಎಣಿಸಿ ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸ. ಎರಡೂ ರೆಕ್ಕೆಗೆ ಸೇರಿ ಚುಚ್ಚಿದ್ದು ಒಟ್ಟು ಇನ್ನೂರ ಹದಿನಾಲ್ಕು. ನಾನಾಗ ಹನ್ನೆರಡು ವರ್ಷದ ಹುಡುಗಿ. ಎಲ್ಲವನ್ನೂ ಬರೆದಿಡುತ್ತಿದ್ದೆನೆಂದು ಪಕ್ಕದ ಮನೆಯ ಸೀನಣ್ಣ ನನ್ನನ್ನು ಚಿತ್ರಗುಪ್ತ ಎಂದು ಕರೆಯುತ್ತಿದ್ದ.

ಚಿಕ್ಕಪ್ಪನಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಜುಲೈ ಮುಗಿಯುವಾಗ ಎಡ ರೆಕ್ಕೆ, ಆಗಸ್ಟ್ ಮುಗಿಯುವಾಗ ಬಲ ರೆಕ್ಕೆ. ಕಾಗದ ಹೊದಿಸಿ ಬಳಿದ ವಾರ್ನಿಷಿಗೆ ಅತಿಯಾಗಿ ಹಣ್ಣಾದ ಬಾಳೆಹಣ್ಣಿನ ವಾಸನೆ. ಸಾರಿನ ಒಗ್ಗರಣೆಯ ಇಂಗನ್ನೂ ಮೀರಿ ಅದು ಮನೆ ತುಂಬಿತು. ಬಳಿದದ್ದು ಒಣಗಿದಂತೆ ಕಾಗದ ಬಿಗಿದು, ಬೆರಳಲ್ಲಿ ತಟ್ಟಿದರೆ ಮೃದಂಗದ ಹಾಗೆ ಸದ್ದು ಮಾಡಿತು. ರೆಕ್ಕೆಯ ಮುಂಭಾಗದಿಂದ ಮೂರನೇ ಒಂದು ಪಾಲಿನಲ್ಲಿ ಎರಡು ಬೆರಳ ಮೇಲೆ ಇಟ್ಟರೆ ವಿಮಾನ ಅಲುಗದೆ ನಿಲ್ಲಬೇಕು. ನಮ್ಮದು ಬಾಲ ಊರಿತು. ಮೀನುಗಾರರ ಬಲೆಯಿಂದ ಬಿದ್ದ ಸೀಸದ ಗುಂಡುಗಳನ್ನು ಮೂತಿಯೊಳಗೆ ಒಂದೊಂದಾಗಿ ಹಾಕಿದೆವು. ಹನ್ನೊಂದನೆಯದಕ್ಕೆ ಸಮನಾಯಿತು.

ಅಪ್ಪ ಮಾತ್ರ ದಿನಾ ಬರಿಗೊಂಡಿಗಳನ್ನು ನೋಡಿಕೊಂಡೇ ಆಫೀಸಿಗೆ ಹೋಗುತ್ತಿದ್ದರು. ಒಂದು ದಿನ ನಿಂತರು.

"ವಾಸೂ, ಅಮ್ಮ ಮೂರು ತಿಂಗಳಿಂದ ಚಾಪೆ ಮೇಲೆ ಮಲಗ್ತಿದಾಳೆ. ವಿಜಯದಶಮಿಯೊಳಗೆ ಹಾರಿದರೆ ಸರಿ. ಇಲ್ಲದಿದ್ದರೆ ಹಲಗೆ ಸರಪಳಿಗೆ, ನಿನ್ನ ಪೆಟ್ಟಿಗೆ ಕೇಳಿದವರಿಗೆ."

"ಆಗಲಿ ಅಣ್ಣಾ" ಎಂದ ಚಿಕ್ಕಪ್ಪ. ಆ ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಎರಡು ಚಪಾತಿ ಎಂದು ಬರೆದಿದ್ದೇನೆ.

ಇನ್ನು ಗುಂಡಿಯ ವಿಷಯ. ಒಂದೇ ಗುಂಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಬೇಕು. ವಿಮಾನದೊಳಗೆ ತಿರುಚಿಟ್ಟ ರಬ್ಬರ್ ಒಂದಿತ್ತು. ಮೊದಲ ಸಲ ಒತ್ತಿದರೆ ಬಾಲದ ಚುಕ್ಕಾಣಿ ಎಡಕ್ಕೆ, ಬಿಟ್ಟರೆ ನೇರಕ್ಕೆ. ಮುಂದಿನ ಸಲ ಒತ್ತಿದರೆ ಬಲಕ್ಕೆ. ಹೀಗೆ ಸರದಿ. ಹಿಂದಿನದು ಯಾವುದೆಂದು ನೆನಪಿರದಿದ್ದರೆ ಮುಂದಿನದು ತಿಳಿಯದು. ಚಿಕ್ಕಪ್ಪನ ಕಣ್ಣು ಆಕಾಶದಲ್ಲಿರುತ್ತದೆ, ಎಣಿಸುವವರು ಬೇರೆ ಬೇಕು.

"ಬೆಸ ಸಂಖ್ಯೆಗೆ ಎಡ, ಸಮಕ್ಕೆ ಬಲ" ಎಂದೆ ನಾನು.

"ಚಿತ್ರಗುಪ್ತನಿಗೆ ಕೊನೆಗೂ ಉದ್ಯೋಗ ಸಿಕ್ಕಿತು" ಎಂದ ಸೀನಣ್ಣ.

ಆಯುಧಪೂಜೆಯ ದಿನ ತಗಡಿನ ಪೆಟ್ಟಿಗೆ, ಬೆಸುಗೆ ಕಡ್ಡಿ, ಅಮ್ಮನ ಹೊಲಿಗೆ ಯಂತ್ರ, ನನ್ನ ನೋಟುಬುಕ್ಕು ಎಲ್ಲವೂ ದೇವರ ಮುಂದೆ ಕೂತವು. ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ. ಆ ದಿನದ ಪುಟ ಇಂದಿಗೂ ಖಾಲಿ.

ಮರುದಿನವೇ ವಿಜಯದಶಮಿ, ಅಪ್ಪ ಕೊಟ್ಟ ಗಡುವು. ಮಧ್ಯಾಹ್ನ ನಾಲ್ಕಕ್ಕೆ, ಕಡಲಗಾಳಿ ಎದ್ದ ಮೇಲೆ, ಮರೀನಾದ ಮರಳಿಗೆ ಹೋದೆವು. ನಾನು, ಚಿಕ್ಕಪ್ಪ, ಸೀನಣ್ಣ. ಜೊತೆಗೆ ಅಜ್ಜಿ. "ನನ್ನ ಹಲಗೆ ಮೇಲೆ ಹುಟ್ಟಿದ್ದು, ನಾನು ನೋಡಬೇಡವೇ?" ಎಂದು ಕುಂಕುಮದ ಭರಣಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು.

ಚಿಕ್ಕಪ್ಪ ಪೆಟ್ಟಿಗೆಯಲ್ಲೂ ವಿಮಾನದಲ್ಲೂ ಸ್ವಿಚ್ ಹಾಕಿ ಪರೀಕ್ಷಿಸಿದ. ಹದಿನಾರು ಸಲ ಒತ್ತಿದ, ಹದಿನಾರು ಗೀಟು ಎಳೆದೆ. ಮುಂದಿನದು ಎಡ. ಅಷ್ಟರಲ್ಲಿ ವಿಮಾನವನ್ನು ಎಳೆದು ಮೇಲೇರಿಸುವ ದಾರ ಸಿಕ್ಕಾಗಿದೆ ಎಂದು ಸೀನಣ್ಣ ದೂರದಿಂದ ಕೂಗಿದ. ಬಿಸಿಲು ತಾಗದಂತೆ ವಿಮಾನಕ್ಕೆ ಪಂಚೆ ಹೊದಿಸಿ, ಪೆಟ್ಟಿಗೆಯನ್ನು ಅಜ್ಜಿಯ ಪಕ್ಕ ಚಾಪೆಯ ಮೇಲಿಟ್ಟು ನಾವಿಬ್ಬರೂ ಓಡಿದೆವು. ದಾರ ಬಿಡಿಸಲು ಏಳು ನಿಮಿಷ ಹಿಡಿಯಿತು.

ಆಮೇಲೆ ನಾನು ವಿಮಾನವನ್ನು ತಲೆಯ ಮೇಲೆತ್ತಿ ಹಿಡಿದೆ. ಸೀನಣ್ಣ ದಾರ ಹಿಡಿದು ಕಡಲಿನತ್ತ ಓಡಿದ. ಕೈಯಿಂದ ಅದು ತಾನಾಗಿ ಎದ್ದುಹೋಯಿತು. ಗಾಳಿಪಟದಂತೆ ಏರಿ, ದಾರದ ಉಂಗುರ ಕಳಚಿಕೊಂಡು, ಸದ್ದಿಲ್ಲದೆ ನೀರಿನ ಕಡೆಗೆ ತೇಲಿತು. ನಾನು ಚಿಕ್ಕಪ್ಪನ ಬಳಿಗೆ ಓಡಿದೆ.

"ಎಡ" ಎಂದೆ. ಅವನು ಒತ್ತಿದ. ವಿಮಾನ ಬಲಕ್ಕೆ ತಿರುಗಿ, ದಂಡೆಗುಂಟ ತೆಂಕಣಕ್ಕೆ ಹೊರಟಿತು.

"ಏನೇ ಇದು? ಹೋಗಲಿ, ಈಗ ಬಲ ತಾನೇ?" ಇನ್ನಷ್ಟು ಬಲಕ್ಕೆ ಹೊರಳಿದರೆ ನೆಲದ ಕಡೆ ಬರುತ್ತದೆಂದು ಅವನ ಲೆಕ್ಕ.

"ಬಲ."

ಒತ್ತಿದ. ಅದು ಎಡಕ್ಕೆ ತಿರುಗಿ ಮತ್ತೆ ಕಡಲಿಗೆ ಮುಖ ಮಾಡಿತು. ಅಲೆ ಒಡೆಯುವ ಗೆರೆ ದಾಟಿತು. "ಪೋಚು, ಎಲ್ಲಾಂ ಪೋಚು" ಎಂದು, ಎಲ್ಲ ಹೋಯಿತೆಂಬಂತೆ, ಸೀನಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡ. ನೀರಿಗೆ ಬಿದ್ದರೆ ಮತ್ತೊಂದು ಪೆಟ್ಟಿಗೆ ಯಾವ ಹಡಗಿನಲ್ಲೂ ಬರುವಂತಿರಲಿಲ್ಲ.

ನಾನು ಗೀಟುಗಳನ್ನು ಮತ್ತೆ ಎಣಿಸಿದೆ. ತಪ್ಪಿರಲಿಲ್ಲ. ತಲೆಯೆತ್ತಿದರೆ ಚಿಕ್ಕಪ್ಪನ ಹೆಬ್ಬೆರಳು ಕೆಂಪಗಿತ್ತು. ಗುಂಡಿಯ ನಟ್ಟನಡುವೆ ಕುಂಕುಮ.

"ಚಿಕ್ಕಪ್ಪಾ, ಅಜ್ಜಿ ಒಂದು ಸಲ ಒತ್ತಿದಾಳೆ. ಮುಂದಿನದು ಬಲ. ಒತ್ತಿ ಹಿಡ್ಕೋ."

"ನಿನ್ನ ಪುಸ್ತಕದಲ್ಲಿ ಎಡ ಅಂತಿದೆಯಲ್ಲೇ."

"ಪುಸ್ತಕದಲ್ಲಿ ಅಜ್ಜಿ ಇಲ್ಲ."

ಅವನು ನನ್ನ ಮುಖ ನೋಡಿದ. ಒತ್ತಿ ಹಿಡಿದ. ರೆಕ್ಕೆ ಬಲಕ್ಕೆ ವಾಲಿತು. ತೆಂಕಣ, ಆಮೇಲೆ ಪಡುವಣ. ಕಾಗದದ ಮೂಲಕ ಸಂಜೆ ಬಿಸಿಲು ಹಾದು, ನಾವು ಕಟ್ಟಿದ ಪಟ್ಟಿಗಳೆಲ್ಲ ಒಂದೊಂದಾಗಿ ಕಂಡವು. ಕಡಲಗಾಳಿಯೇ ಅದನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದ ಹಾಗೆ ನಮ್ಮ ತಲೆಯ ಮೇಲೆ ಹಾದು, ಬೇಯಿಸಿದ ಕಡಲೆಯ ಸುಂಡಲ್ ಮಾರುವವನ ತಟ್ಟೆಯಿಂದ ಹತ್ತು ಹೆಜ್ಜೆ ಆಚೆ ಮರಳಿಗೆ ಇಳಿಯಿತು. ಒಂದು ನಿಮಿಷ ಐವತ್ತೆರಡು ಸೆಕೆಂಡು.

"ಬೊಟ್ಟು ಇಟ್ಟೆ, ಅಷ್ಟೇ" ಎಂದಳು ಅಜ್ಜಿ. "ಹೊರಡೋ ಹೊತ್ತಿಗೆ ಇಡಬೇಡವೇ? ಒತ್ತದೇ ಇದ್ದರೆ ಕುಂಕುಮ ನಿಲ್ಲತ್ತೇನೋ?"

ಚಿಕ್ಕಪ್ಪ ಮರಳಲ್ಲಿ ಕೂತು ನಗತೊಡಗಿದವನು ಬಹಳ ಹೊತ್ತು ನಿಲ್ಲಿಸಲಿಲ್ಲ. ನಾನು ಹದಿನಾರರ ಪಕ್ಕದಲ್ಲಿ ಬರೆದೆ: "ಅಜ್ಜಿ, 1."

ಅಂದೇ ಸಂಜೆ ಹಲಗೆ ಸರಪಳಿಗೇರಿತು. ಬಿಚ್ಚಿ ನೂರ ಮೂವತ್ತು ದಿನವಾಗಿತ್ತು. ಅಜ್ಜಿ ಕೂತವಳು ಅಂಗೈಯನ್ನು ಮರದ ಮೇಲೆ ಆಡಿಸಿ, "ಏನಿದು, ಸಿಡುಬು ಎದ್ದ ಹಾಗಿದೆ" ಎಂದಳು. ಸೂಜಿಯ ತೂತುಗಳು. ಅರಗು ತುಂಬಿ ಮುಚ್ಚಿಸುತ್ತೇನೆ ಎಂದ ಚಿಕ್ಕಪ್ಪ. "ಬೇಡ ಬಿಡು, ಇರಲಿ" ಎಂದು ಕಾಲಿಂದ ನೆಲ ಒತ್ತಿದಳು.

ಗ್ಲೈಡರ್ ಇನ್ನೂ ಎರಡು ವರ್ಷ ಹಾರಿ ಹಾರಿ ಸವೆದುಹೋಯಿತು. ಅಜ್ಜಿ ಹೋದಳು. ಮನೆ ಮಾರಿದಾಗ ಹಲಗೆಯೂ ಹಳೆ ಮರದ ವ್ಯಾಪಾರಿಯ ಗಾಡಿ ಏರಿತು. ಅಂದು ನಾನು ಊರಲ್ಲಿರಲಿಲ್ಲ. ಈಗ ಒಂದು ಗುಂಡಿಗೆ ಒಂದೇ ಕೆಲಸ, ಯಾವುದು ಎಡ ಎಂದು ಪಕ್ಕದಲ್ಲಿ ನಿಂತು ಹೇಳುವವರು ಯಾರಿಗೂ ಬೇಕಿಲ್ಲ. ನನಗೆ ಕೊರತೆ ಅನಿಸುವುದು ಅದೇ.

ಆದರೆ ತೇಗ ಅಷ್ಟು ಸುಲಭವಾಗಿ ಸಾಯುವುದಿಲ್ಲ. ನಕ್ಷೆಯ ಹರಿದ ಮೂಲೆಯಲ್ಲಿದ್ದ ಆ ವಿಮಾನದ ಹೆಸರು ಬಲ್ಲವರು ದಯವಿಟ್ಟು ಬರೆಯಿರಿ. ಹಾಗೆಯೇ ನಿಮ್ಮ ಮನೆಯಲ್ಲೋ ಪರಿಚಿತರ ಮನೆಯಲ್ಲೋ ಆರಡಿ ಉದ್ದದ, ಸೂಜಿಮೊನೆಯ ತೂತುಗಳಿರುವ ಉಯ್ಯಾಲೆ ಹಲಗೆ ಕಂಡರೆ, ಅವನ್ನು ಎಣಿಸಿ ತಿಳಿಸಿ. ನನ್ನ ಪುಸ್ತಕದ ಪ್ರಕಾರ ಇನ್ನೂರ ಹದಿನಾಲ್ಕು ಇರಬೇಕು. ಒಂದು ಹೆಚ್ಚು ಬಂದರೂ ಬರೆಯಿರಿ, ನಾನು ನಂಬುತ್ತೇನೆ.